ಹೆಂಡದಲ್ಲಿ ಬರೆಯದೆ ಬಿಟ್ಟ ನಾಲ್ಕು ಅಕ್ಷರ

ಚೀನೀ ಲೇಖಕ ಲು ಶುನ್‌ನ ‘ಕೊಂಗ್ ಯಿಜಿ’ ಕತೆಯನ್ನು ನಾನು ಮೊದಲು ಓದಿದ್ದು ಎಂ.ಎ. ತರಗತಿಯಲ್ಲಿದ್ದಾಗ, ಇಂಗ್ಲಿಷ್ ಅನುವಾದದಲ್ಲಿ. 1919ರಲ್ಲಿ ‘ಹೊಸ ಯೌವನ’ ಎಂಬ ಪತ್ರಿಕೆಯಲ್ಲಿ ಬಂದ ಪುಟ್ಟ ಕತೆ ಅದು. 1923ರಲ್ಲಿ ‘ನಾಹಾನ್’ ಸಂಕಲನಕ್ಕೆ ಸೇರಿತು. ಲುಝೆನ್ ಎಂಬ ಊರಿನ ಹೆಂಡದಂಗಡಿ. ಅಲ್ಲಿ ಹೆಂಡ ಬಿಸಿ ಮಾಡಿಕೊಡುವ ಹನ್ನೆರಡು ವರ್ಷದ ಹುಡುಗ. ಗಿಡ್ಡ ಅಂಗಿಯ ದುಡಿಯುವ ಜನ ಕಟ್ಟೆಯ ಹೊರಗೆ ನಿಂತು ಕುಡಿಯುತ್ತಾರೆ, ಉದ್ದ ನಿಲುವಂಗಿಯ ಸ್ಥಿತಿವಂತರು ಒಳಗೆ ಕೂತು ಕುಡಿಯುತ್ತಾರೆ. ನಿಲುವಂಗಿ ತೊಟ್ಟೂ ನಿಂತು ಕುಡಿಯುವವನು ಒಬ್ಬನೇ, ಕೊಂಗ್ ಯಿಜಿ. ಓದಿಕೊಂಡವನು, ಆದರೆ ಅತಿ ಕೆಳಗಿನ ಪರೀಕ್ಷೆಯನ್ನೂ ದಾಟಲಾಗದವನು. ಹೊಟ್ಟೆಪಾಡಿಗೆ ಯಾರದೋ ಪುಸ್ತಕ ನಕಲು ಮಾಡಲು ಒಪ್ಪಿಕೊಳ್ಳುತ್ತಾನೆ, ನಾಲ್ಕು ದಿನ ಕೂತು ಪುಸ್ತಕ, ಕಾಗದ, ಕುಂಚ, ಮಸಿಕಲ್ಲಿನ ಸಮೇತ ಮಾಯವಾಗುತ್ತಾನೆ.

ಒಂದು ದಿನ ಅವನು ಆ ಹುಡುಗನನ್ನು ಪರೀಕ್ಷೆ ಮಾಡಲು ಹೊರಡುತ್ತಾನೆ. ಅಂಗಡಿಯಲ್ಲಿ ಹೆಂಡದ ಜೊತೆ ನಂಜಿಕೊಳ್ಳಲು ಕೊಡುವ ಸೋಂಪಿನ ಕಾಳಿಗೆ ಚೀನೀ ಭಾಷೆಯಲ್ಲಿ ‘ಹ್ವೇಶಿಯಾಂಗ್’ ಕಾಳು ಎನ್ನುತ್ತಾರೆ. ಅದರ ‘ಹ್ವೇ’ ಹೇಗೆ ಬರೆಯುತ್ತೀಯ ಎಂದು ಅವನ ಪ್ರಶ್ನೆ. ಇಂಥ ಭಿಕಾರಿ ನನ್ನನ್ನು ಪರೀಕ್ಷಿಸುವುದೇ ಎಂದು ಹುಡುಗ ಮುಖ ತಿರುಗಿಸುತ್ತಾನೆ. ಇವನು ಬಿಡುವುದಿಲ್ಲ, ಕಲಿತಿಟ್ಟುಕೋ, ಮುಂದೆ ನೀನೇ ಅಂಗಡಿ ಯಜಮಾನನಾದಾಗ ಲೆಕ್ಕ ಬರೆಯಲು ಬೇಕಾಗುತ್ತದೆ ಎನ್ನುತ್ತಾನೆ. ನಮ್ಮ ಯಜಮಾನ ಯಾವತ್ತೂ ಸೋಂಪಿನ ಕಾಳನ್ನು ಲೆಕ್ಕಕ್ಕೆ ಹಚ್ಚಿದ್ದೇ ಇಲ್ಲವಲ್ಲ ಎಂದು ಹುಡುಗನಿಗೆ ಒಳಗೇ ನಗು. ಕಡೆಗೆ ಬೇಸರದಿಂದ ಉತ್ತರ ಹೇಳುತ್ತಾನೆ: ಮೇಲೆ ಹುಲ್ಲಿನ ಗುರುತು, ಕೆಳಗೆ ‘ಹಿಂತಿರುಗು’ ಎನ್ನುವ ಹ್ವೇ. ಉತ್ತರ ಸರಿ. ಕೊಂಗ್ ಯಿಜಿಗೆ ಖುಷಿಯೋ ಖುಷಿ. ಆ ಹ್ವೇ ಅಕ್ಷರಕ್ಕೆ ನಾಲ್ಕು ರೂಪಗಳಿವೆ, ಗೊತ್ತೇ ಎನ್ನುತ್ತಾ ಉಗುರನ್ನು ಹೆಂಡದಲ್ಲಿ ಅದ್ದಿ ಕಟ್ಟೆಯ ಮೇಲೆ ಬರೆಯಲು ಹೊರಡುತ್ತಾನೆ. ಹುಡುಗ ಅಷ್ಟರಲ್ಲಿ ದೂರ ಸರಿದಿರುತ್ತಾನೆ. ಇವನೊಂದು ನಿಟ್ಟುಸಿರು ಬಿಡುತ್ತಾನೆ.

‘ಹ್ವೇ ಅಕ್ಷರದ ನಾಲ್ಕು ರೂಪ’ ಎನ್ನುವುದು ಚೀನೀ ಭಾಷೆಯಲ್ಲಿ ಈಗ ಗಾದೆಯೇ ಆಗಿಬಿಟ್ಟಿದೆ. ಕೆಲಸಕ್ಕೆ ಬಾರದ ಪಾಂಡಿತ್ಯಕ್ಕೆ ಅದು ಇನ್ನೊಂದು ಹೆಸರು. ವಿಮರ್ಶಕರೂ ಬಹುಮಟ್ಟಿಗೆ ಈ ಪ್ರಸಂಗವನ್ನು ಹಾಗೆಯೇ ಓದಿದ್ದಾರೆ: ಸತ್ತ ವಿದ್ಯೆ, ಅದನ್ನು ತಿಂದು ಬದುಕಲಾಗದ ಮನುಷ್ಯ. ನಾನೂ ಹಾಗೆಯೇ ಓದಿ ಪುಟ ತಿರುಗಿಸಿದ್ದೆ. ಅದು ಪೂರ್ತಿ ಓದಲ್ಲ ಎಂದು ತಿಳಿದದ್ದು ಪಿಎಚ್.ಡಿ.ಗೆ ಸೇರಿದ ಮೇಲೆ, ನನ್ನದೇ ಒಂದು ತಪ್ಪಿನಿಂದ.

ನನ್ನ ಸಂಶೋಧನೆ ಒಂದು ಹಳಗನ್ನಡ ಕೃತಿಯ ಪಾಠಾಂತರಗಳ ಮೇಲೆ. ಮೊದಲ ವರ್ಷ ಓಲೆಪ್ರತಿಗಳನ್ನು ನಕಲು ಮಾಡಿಕೊಳ್ಳುವಾಗ, ಓದಲು ಹಗುರಾಗಲಿ ಎಂದು ಎಲ್ಲ ೞಕಾರವನ್ನೂ ಳಕಾರ ಮಾಡಿದ್ದೆ. ‘ಏೞು’ ಇದ್ದಲ್ಲಿ ‘ಏಳು’, ‘ಬಾೞ್’ ಇದ್ದಲ್ಲಿ ‘ಬಾಳ್’. ಮಾರ್ಗದರ್ಶಕರು ನೋಡಿ ಒಂದೇ ಪ್ರಶ್ನೆ ಕೇಳಿದರು: ಈಗ ಇದರಲ್ಲಿ ಯಾವ ಪ್ರತಿ ಹಳೆಯದು, ಯಾವುದು ಈಚಿನದು ಹೇಳಪ್ಪ? ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ೞ ಎಲ್ಲಿ ಸರಿಯಾಗಿ ನಿಂತಿದೆ, ಎಲ್ಲಿ ಳ ಆಗಿದೆ, ಎಲ್ಲಿ ಲಿಪಿಕಾರ ಗಾಬರಿಯಲ್ಲಿ ಳ ಬೇಕಾದ ಕಡೆಯೂ ೞ ಬರೆದಿದ್ದಾನೆ ಎಂಬುದೇ ನನಗಿದ್ದ ಸಾಕ್ಷಿ. ಅದನ್ನು ನಾನೇ ಒರೆಸಿಹಾಕಿದ್ದೆ. ಮತ್ತೆ ಮೊದಲಿನಿಂದ ಬರೆದುಕೊಳ್ಳಲು ಆರು ತಿಂಗಳಾಯಿತು. ಕೊಂಗ್ ಯಿಜಿಯನ್ನು ನಿಘಂಟಿನ ಆಸರೆಯಲ್ಲಿ, ತಡವರಿಸುತ್ತ, ಮೂಲದಲ್ಲಿ ಓದಿದ್ದು ಆ ಆರು ತಿಂಗಳಲ್ಲೇ.

ರೂಪಾಂತರ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ‘ಗಂಗೆ’ ಎಂದು ಬರೆದರೂ ‘ಗಙ್ಗೆ’ ಎಂದು ಬರೆದರೂ ನಾವು ಓದುವುದು ಒಂದೇ ಮಾತು. ಚೀನೀ ಲಿಪಿಯಲ್ಲಿ ಇದು ಒಂದೊಂದು ಅಕ್ಷರದ ಮಟ್ಟದಲ್ಲೂ ನಡೆಯುತ್ತದೆ: ಉಚ್ಚಾರ ಒಂದೇ, ಅರ್ಥ ಒಂದೇ, ಆಕಾರ ಬೇರೆ. ‘ಶಿಖರ’ ಎಂಬ ಅಕ್ಷರದಲ್ಲಿ ಬೆಟ್ಟದ ಗುರುತನ್ನು ಎಡಕ್ಕೂ ಬರೆಯಬಹುದು, ತಲೆಯ ಮೇಲೂ ಇಡಬಹುದು. ‘ಹಿಂಡು’ ಎಂಬುದರಲ್ಲಿ ಕುರಿ ಒಡೆಯನ ಪಕ್ಕದಲ್ಲಿ ನಿಂತರೂ ಆದೀತು, ಕೆಳಗೆ ನಿಂತರೂ ಆದೀತು. ಕೊಂಗ್ ಯಿಜಿಯ ಹ್ವೇಯ ಸಾಮಾನ್ಯ ರೂಪ ದೊಡ್ಡ ಚೌಕದೊಳಗೊಂದು ಚಿಕ್ಕ ಚೌಕ. ಅದರ ಗೆರೆಗಳನ್ನು ಬೇರೆ ರೀತಿ ಎಳೆದು ಮಾಡಿದ ರೂಪಗಳಿವೆ, ಪಕ್ಕಕ್ಕೆ ನಡಿಗೆಯ ಗುರುತು ಹಚ್ಚಿದ ರೂಪವೂ ಇದೆ.

ಇದರಲ್ಲಿ ಸರಿ ಯಾವುದು ಎನ್ನುವುದು ಬರೀ ಬರವಣಿಗೆಯ ಪ್ರಶ್ನೆಯಾಗಿ ಯಾವತ್ತೂ ಇರಲಿಲ್ಲ. ತಾಂಗ್ ರಾಜವಂಶದ ಕಾಲದಲ್ಲಿ ಯಾನ್ ಯುವಾನ್‌ಸುನ್ ಎಂಬಾತ ಒಂದು ಅಕ್ಷರಕೋಶ ಮಾಡಿದ. ಅದರ ಹೆಸರು ‘ಗಾನ್‌ಲು ಝಿಶು’. ಸಂಬಳ ಅರಸುವವರ ಅಕ್ಷರಪುಸ್ತಕ ಎಂದು ಅರ್ಥ. ಇಷ್ಟು ಪ್ರಾಮಾಣಿಕವಾದ ಶೀರ್ಷಿಕೆಯ ಇನ್ನೊಂದು ನಿಘಂಟನ್ನು ನಾನು ಕಂಡಿಲ್ಲ. 774ರಲ್ಲಿ ಅದನ್ನು ಕಲ್ಲಿನಲ್ಲೂ ಕೆತ್ತಿಸಿದರು. ಅದರಲ್ಲಿ ಅಕ್ಷರಗಳಿಗೆ ಮೂರು ದರ್ಜೆ: ಸಾಧು, ರೂಢಿ, ಗ್ರಾಮ್ಯ. ಪರೀಕ್ಷೆಯ ಉತ್ತರಪತ್ರಿಕೆಗೆ ಸಾಧುರೂಪವೇ ಬೇಕು. ಲೆಕ್ಕಪತ್ರ, ಕರಾರು, ಔಷಧಿ ಚೀಟಿಗೆ ಗ್ರಾಮ್ಯರೂಪ ಸಾಕು. ಇದನ್ನು ತಿಳಿದುಕೊಂಡು ಕತೆಗೆ ಮರಳಿದರೆ ಲು ಶುನ್‌ನ ಕುಹಕ ಇನ್ನಷ್ಟು ಚುರುಕಾಗಿ ಕಾಣುತ್ತದೆ. ಅಕ್ಷರದ ಎಲ್ಲ ರೂಪ ಬಲ್ಲವನು ಪರೀಕ್ಷೆಯಲ್ಲಿ ಫೇಲು. ಆ ವಿದ್ಯೆಯನ್ನು ಅವನು ದಾನ ಮಾಡಲು ಹೊರಟಿರುವುದು ಲೆಕ್ಕ ಬರೆಯುವುದಕ್ಕೆ, ಅಂದರೆ ಯಾವ ರೂಪ ಬರೆದರೂ ಯಾರೂ ಕೇಳದ ಜಾಗಕ್ಕೆ.

ಕೇಳುವ ಜಾಗಗಳೂ ಇದ್ದವು. ಚಿಂಗ್ ಚಕ್ರವರ್ತಿಗಳ ಹೆಸರಿನ ಅಕ್ಷರಗಳನ್ನು ಪ್ರಜೆಗಳು ಬರೆಯುವಂತಿರಲಿಲ್ಲ. ಒಂದು ಗೆರೆ ಬಿಟ್ಟು ಕುಂಟು ಮಾಡಿ ಬರೆಯಬೇಕು, ಇಲ್ಲವೇ ಬೇರೆ ಅಕ್ಷರ ಬಳಸಬೇಕು. ಕಾಂಗ್‌ಶಿ ಚಕ್ರವರ್ತಿಯ ಹೆಸರಿನಲ್ಲಿ ‘ಶುವಾನ್’ ಇತ್ತು. ಹಾಗಾಗಿ ನಮಗೆಲ್ಲ ಗೊತ್ತಿರುವ, ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಯಾತ್ರಿಕ ಶುವಾನ್‌ಝಾಂಗ್ ಆ ಕಾಲದ ಅಚ್ಚಿನಲ್ಲಿ ‘ಯುವಾನ್‌ಝಾಂಗ್’ ಆಗಿ ಕಾಣಿಸಿಕೊಳ್ಳುವುದುಂಟು. ಸತ್ತು ಸಾವಿರ ವರ್ಷವಾದವನ ಹೆಸರೂ ಬಚಾವಾಗಲಿಲ್ಲ. 1716ರಲ್ಲಿ ಮುಗಿದ, 47,035 ಅಕ್ಷರಗಳ ‘ಕಾಂಗ್‌ಶಿ ನಿಘಂಟು’ ಎಲ್ಲರಿಗೂ ಪ್ರಮಾಣವಾಗಿತ್ತು. ಅದನ್ನು ತಿದ್ದಿ ಸಣ್ಣದು ಮಾಡಲು ಹೊರಟ ವಾಂಗ್ ಶಿಹೌ ಎಂಬ ಪಂಡಿತ ತನ್ನ ಕೋಶದ ಮುನ್ನುಡಿಯ ಭಾಗದಲ್ಲಿ, ಇಂಥಿಂಥ ಅಕ್ಷರ ಬರೆಯಬಾರದು ಎಂದು ಎಳೆಯರಿಗೆ ತಿಳಿಸಲು ಆ ಅಕ್ಷರಗಳನ್ನೇ ಪೂರ್ತಿಯಾಗಿ ಬರೆದು ತೋರಿಸಿದ. 1777ರಲ್ಲಿ ಅದಕ್ಕಾಗಿ ಅವನಿಗೆ ಮರಣದಂಡನೆಯಾಯಿತು. ಬರೆಯಬಾರದ್ದನ್ನು ಬರೆಯದೆ ಹೇಗೆ ತೋರಿಸುವುದು ಎಂಬ ಪ್ರಶ್ನೆಗೆ ಆಸ್ಥಾನದಲ್ಲಿ ಉತ್ತರವಿರಲಿಲ್ಲ.

ಲು ಶುನ್‌ಗೆ ಇದೆಲ್ಲ ಪುಸ್ತಕದ ಬದನೆಕಾಯಿಯಾಗಿರಲಿಲ್ಲ. 1908ರಲ್ಲಿ ಟೋಕಿಯೋದಲ್ಲಿ ಅವನು ಝಾಂಗ್ ತಾಯ್‌ಯಾನ್ ಎಂಬ ಘನ ವಿದ್ವಾಂಸನ ಮುಂದೆ ಕೂತು ಅತಿ ಹಳೆಯ ಅಕ್ಷರಕೋಶದ ಪಾಠ ಹೇಳಿಸಿಕೊಂಡಿದ್ದ. ಮರುವರ್ಷ ತಮ್ಮ ಝೌ ಝುವೊರೆನ್ ಜೊತೆ ಹೊರನಾಡಿನ ಕತೆಗಳ ಅನುವಾದ ಪ್ರಕಟಿಸಿದಾಗ, ಗುರುವಿನ ಪ್ರಭಾವದಲ್ಲಿ ಬಳಕೆ ತಪ್ಪಿದ ಅಕ್ಷರಗಳನ್ನು ಹುಡುಕಿ ಹುಡುಕಿ ಬಳಸಿದ. ಟೋಕಿಯೋದಲ್ಲಿ ಅದರ ಇಪ್ಪತ್ತು ಚಿಲ್ಲರೆ ಪ್ರತಿ ಮಾರಾಟವಾದವು. ಆಮೇಲೆ ಬೀಜಿಂಗ್‌ನಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾಗ ವರ್ಷಗಟ್ಟಲೆ ರಾತ್ರಿ ಕೂತು ಹಳೆಯ ಶಿಲಾಶಾಸನಗಳನ್ನು ನಕಲು ಮಾಡಿದ. ‘ಕೊಂಗ್ ಯಿಜಿ’ ಬರೆದದ್ದು ಅದರ ಬೆನ್ನಿಗೇ. ನಾಲ್ಕು ಹ್ವೇ ಬಲ್ಲ ಪುಸ್ತಕ ನಕಲುಗಾರನನ್ನು ಬರೆಯುವಾಗ ಅವನ ಕೈಗೆ ಅಂಟಿದ ಮಸಿ ಒಣಗಿರಲಿಕ್ಕಿಲ್ಲ. ಕತೆಯ ನಗೆಯಲ್ಲಿ ಒಂದು ಪಾಲು ತನ್ನ ಮೇಲೆಯೇ ಎಂದು ನನಗನ್ನಿಸುತ್ತದೆ. ಇದಕ್ಕೆ ಬಾಲದಂತೆ ಇನ್ನೊಂದು ಸಂಗತಿ: ಆ ಅನುವಾದ ಸಂಕಲನ 1921ರಲ್ಲಿ ಮತ್ತೆ ಅಚ್ಚಾದಾಗ ಅಪರೂಪದ ಅಕ್ಷರಗಳನ್ನೆಲ್ಲ ತೆಗೆದು ಸಾಮಾನ್ಯ ಅಕ್ಷರ ಹಾಕಿದರು. ಮುದ್ರಣಾಲಯದವರು ಅದಕ್ಕೆಂದೇ ಹೊಸ ಅಚ್ಚುಮೊಳೆ ಎರಕ ಹೊಯ್ಯುವುದು ಬೇಡವೆಂದು.

ಕತೆಯ ರಚನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದು: ಆ ನಾಲ್ಕು ರೂಪಗಳನ್ನು ಲು ಶುನ್ ಎಲ್ಲಿಯೂ ಬರೆದು ತೋರಿಸುವುದಿಲ್ಲ. ಉಗುರು ಹೆಂಡದಲ್ಲಿ ಅದ್ದಿದೆ, ಬರವಣಿಗೆ ಶುರುವಾಗುವ ಮೊದಲೇ ಪ್ರಸಂಗ ಮುಗಿಯುತ್ತದೆ. ಟಿಪ್ಪಣಿಕಾರರು ತಾಳಲಾರದೆ ಆ ನಾಲ್ಕನ್ನು ಹುಡುಕಿ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ, ನಾಲ್ಕನೆಯದು ಯಾವುದು ಎಂದು ಜಗಳವಾಡುತ್ತಾರೆ. ಕೊಂಗ್ ಯಿಜಿಯ ಪಾಠ ಕೇಳಲು ಕೊನೆಗೂ ಜನ ಸಿಕ್ಕರು ಎನ್ನಬೇಕು. ಆದರೆ ಲು ಶುನ್ ಆ ಜಾಗವನ್ನು ಖಾಲಿ ಬಿಟ್ಟದ್ದು ಓದುಗನನ್ನು ಹುಡುಗನ ಜಾಗದಲ್ಲಿ ನಿಲ್ಲಿಸಲು ಎಂದು ನನ್ನ ಓದು. ನಾವೂ ನೋಡಲಿಲ್ಲ, ನಾವೂ ಸರಿದುಹೋದೆವು.

ಇನ್ನೂ ಒಂದು ಮಾತು. ಕೊಂಗ್ ಯಿಜಿ ಎಂಬುದು ಅವನ ಹೆಸರೇ ಅಲ್ಲ. ಮನೆತನದ ಹೆಸರು ಕೊಂಗ್ ಆದ್ದರಿಂದ, ಮಕ್ಕಳು ಕೆಂಪು ಅಚ್ಚಿನ ಮೇಲೆ ಕುಂಚ ಆಡಿಸಿ ತಿದ್ದುವ ಪುಸ್ತಕದಲ್ಲಿ ಬರುವ, ಅರ್ಥವಾಗದ ಮೂರು ಅಕ್ಷರಗಳನ್ನು ಊರವರು ಅವನಿಗೆ ಅಂಟಿಸಿದ್ದಾರೆ. ಗೆರೆ ಕಡಿಮೆ ಇರುವ, ಕಲಿಯಲು ಸುಲಭವಾದ ಅಕ್ಷರಗಳವು. ಒಂದು ಅಕ್ಷರಕ್ಕೆ ನಾಲ್ಕು ರೂಪ ಬಲ್ಲವನಿಗೆ ತನ್ನದೆನ್ನುವ ಒಂದು ಹೆಸರಿಲ್ಲ. ಕನ್ನಡದ ‘ತಿದ್ದು’ ಎಂಬ ಮಾತಿನಲ್ಲಿ ಅಕ್ಷರದ ಮೇಲೆ ಬೆರಳಾಡಿಸಿ ಕಲಿಯುವುದೂ ಇದೆ, ತಪ್ಪನ್ನು ಸರಿಪಡಿಸುವುದೂ ಇದೆ. ಇವನ ಬದುಕಿನಲ್ಲಿ ಎರಡನೆಯದು ಪೆಟ್ಟಿನ ರೂಪದಲ್ಲೇ ಬಂತು.

ಲು ಶುನ್ ರೂಪಾಂತರಗಳನ್ನು ಉಳಿಸಿ ಎಂದು ಕೂಗಿದವನಲ್ಲ. ಚೀನೀ ಅಕ್ಷರಗಳು ಓದನ್ನು ಕೆಲವರ ಸೊತ್ತು ಮಾಡಿವೆ ಎಂದು 1934ರಲ್ಲಿ ಉದ್ದಕ್ಕೆ ವಾದಿಸಿ, ರೋಮನ್ ಲಿಪಿಯ ಪರ ನಿಂತವನು. ಅವನು ತೀರಿಕೊಂಡ ಸುಮಾರು ಎರಡು ದಶಕದ ಮೇಲೆ, 1955ರ ಡಿಸೆಂಬರಿನಲ್ಲಿ, ಹೊಸ ಸರ್ಕಾರ ರೂಪಾಂತರಗಳ ಮೊದಲ ಪಟ್ಟಿ ಹೊರಡಿಸಿತು. 810 ಗುಂಪುಗಳಲ್ಲಿ ಒಂದೊಂದು ರೂಪ ಉಳಿಸಿಕೊಂಡು 1,055 ಅಕ್ಷರಗಳನ್ನು ಬಳಕೆಯಿಂದ ತೆಗೆಯಿತು. ಕುರಿ ಪಕ್ಕದಲ್ಲಿರುವ ಹಿಂಡು ಉಳಿಯಿತು, ಕೆಳಗಿರುವ ಹಿಂಡು ಹೋಯಿತು. ಹ್ವೇಯ ಬೇರೆ ರೂಪಗಳೂ ಹೋದವು. ಇದರಿಂದ ಶಾಲೆಯ ಮಗುವಿಗೂ ಮೊಳೆ ಜೋಡಿಸುವವನಿಗೂ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ; ಅಕ್ಷರ ಕಡಿಮೆಯಾಯಿತೆಂದು ಅಳುವ ಪಂಡಿತರ ಸಾಲಿನಲ್ಲಿ ನಿಲ್ಲುವ ಆಸೆಯೂ ಇಲ್ಲ.

ನನ್ನ ತಕರಾರು ಇರುವುದು ‘ಒಂದೇ’ ಎಂದು ತೀರ್ಮಾನಿಸುವ ಕ್ಷಣದ ಬಗ್ಗೆ. ಪಟ್ಟಿಯಲ್ಲಿ ಪೂರಾ ಒಂದೇ ಆದವುಗಳ ಜೊತೆ ಅರೆಬರೆ ಒಂದಾದವೂ ಸೇರಿಹೋದವು. ‘ರೊಂಗ್’ ಅಕ್ಷರಕ್ಕೆ ಬೆಂಕಿಯ ಗುರುತಿನದೊಂದು ರೂಪ, ಲೋಹದ ಗುರುತಿನದೊಂದು. ಕರಗಿಸುವುದು ಎಂಬ ಅರ್ಥ ಎರಡಕ್ಕೂ ಇದೆ, ಎರಕದ ಅಚ್ಚು ಎಂಬುದು ಲೋಹದ್ದಕ್ಕೆ ಮಾತ್ರ. ಪಟ್ಟಿ ಲೋಹದ್ದನ್ನು ಕೈಬಿಟ್ಟಿತ್ತು. ಝು ರೊಂಗ್‌ಜಿ ಅವರ ಹೆಸರಿನಲ್ಲಿದ್ದದ್ದು ಅದೇ. ಅವರು ಉಪಪ್ರಧಾನಿಯಾಗಿದ್ದ 1993ರಲ್ಲಿ ಆ ಅಕ್ಷರಕ್ಕೆ ಮತ್ತೆ ಮಾನ್ಯತೆ ಬಂತು. ಮಿಕ್ಕವರು 2013ರವರೆಗೆ ಕಾಯಬೇಕಾಯಿತು. ಆ ವರ್ಷ ಹೊರಟ 8,105 ಅಕ್ಷರಗಳ ಹೊಸ ಪಟ್ಟಿಯಲ್ಲಿ, ಹಿಂದೆ ರೂಪಾಂತರವೆಂದು ತಳ್ಳಿದ್ದ 45 ಅಕ್ಷರಗಳು ಒಳಗೆ ಬಂದವು. ಮೂರು ‘ನೀರು’ ಪೇರಿಸಿದ ‘ಮಿಯಾವ್’ ಅದರಲ್ಲಿ ಒಂದು. ಜಾತಕದಲ್ಲಿ ನೀರಿನ ಅಂಶ ಸಾಲದು ಎಂದು ಜೋಯಿಸರು ಹೇಳಿದರೆ ಮಕ್ಕಳಿಗೆ ಇಡುವ ಅಕ್ಷರ. ಮನೆಯಲ್ಲಿ ಅಜ್ಜ ಬರೆದಿಟ್ಟ ಹೆಸರು ಕಂಪ್ಯೂಟರಿನಲ್ಲಿ ಇಲ್ಲದೆ, ಗುರುತಿನ ಚೀಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಆಗಿ ಅಲೆದವರ ಕಷ್ಟ, ಆಧಾರ್‌ನಲ್ಲಿ ಇನಿಷಿಯಲ್ ಹೆಚ್ಚುಕಡಿಮೆಯಾದ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಆಗಸ್ಟ್‌ನಿಂದ ಜಾರಿಗೆ ಬಂದ ಚೀನೀ ಕಂಪ್ಯೂಟರ್ ಮಾನಕದಲ್ಲಿ 87,887 ಅಕ್ಷರಗಳಿವೆ. ಕೈಬಿಟ್ಟದ್ದನ್ನೆಲ್ಲ ಯಂತ್ರ ಮತ್ತೆ ಕರೆದು ಕೂರಿಸಿದೆ. (ನಮ್ಮ ೞಕಾರಕ್ಕೂ ಯೂನಿಕೋಡ್‌ನಲ್ಲಿ ಜಾಗವಿದೆ, ಆದರೆ ಪಟ್ಟಿಯಲ್ಲಿ ಅದರ ಹೆಸರು ‘ಫ’. ತಪ್ಪೆಂದು ಎಲ್ಲರಿಗೂ ಗೊತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ.)

ಕತೆಯಲ್ಲಿ ಬರವಣಿಗೆ ಉಳಿಯುವ ಜಾಗ ಒಂದೇ ಒಂದಿದೆ, ಅಂಗಡಿಯ ಸಾಲದ ಹಲಗೆ. ಕೊಂಗ್ ಯಿಜಿ ಸಾಲ ಉಳಿಸಿಕೊಳ್ಳುವವನಲ್ಲ. ತಿಂಗಳೊಳಗೆ ತೀರಿಸಿ ಹೆಸರು ಅಳಿಸಿಕೊಳ್ಳುತ್ತಿದ್ದ. ಕೊನೆಯ ಸಲ ಬರುವಾಗ ಕಳ್ಳತನಕ್ಕೆ ಸಿಕ್ಕಿಬಿದ್ದು ಕಾಲು ಮುರಿಸಿಕೊಂಡಿದ್ದಾನೆ. ಹೆಂಡ ಕೇಳಿ ನಾಲ್ಕು ಕಾಸು ಕೊಡುತ್ತಾನೆ. ಆ ಕೈ ಕೆಸರಾಗಿರುವುದನ್ನು ಹುಡುಗ ಗಮನಿಸುತ್ತಾನೆ. ಅವನು ಕೈ ಊರಿಕೊಂಡೇ ತೆವಳಿ ಬಂದಿದ್ದ. ಅಂದು ಹೆಂಡದಲ್ಲಿ ಅದ್ದಿದ್ದ ಕೈ ಅದೇ. ನಾಲ್ಕು ರೂಪ ನೋಡಲು ಒಲ್ಲೆನೆಂದ ಹುಡುಗ ಈ ಕೈಯನ್ನು ನೋಡುತ್ತಾನೆ, ಇಪ್ಪತ್ತು ವರ್ಷದ ಮೇಲೆ ಬರೆಯುತ್ತಾನೆ. ಹಲಗೆಯ ಮೇಲೆ 19 ಕಾಸಿನ ಬಾಕಿ ಹಾಗೇ ಇರುತ್ತದೆ. ವರ್ಷದ ಕೊನೆಗೆ ಯಜಮಾನ ಹಲಗೆ ಇಳಿಸಿ ಅದನ್ನು ನೆನೆಯುತ್ತಾನೆ, ಮುಂದಿನ ಬೇಸಿಗೆಯ ಹಬ್ಬಕ್ಕೂ ನೆನೆಯುತ್ತಾನೆ. ಶರತ್ಕಾಲದ ಹಬ್ಬಕ್ಕೆ ಅವನೂ ಏನೂ ಹೇಳುವುದಿಲ್ಲ.