ಹಾಗರಳ ಬಾವಿ ಯಾರದು? ಡಿಲೋರಿಸ್ ವಿಲಿಯಮ್ಸ್ ಅವರ ದೈವಶಾಸ್ತ್ರ ಮತ್ತು ಎಚ್‌ಐವಿ ಪೀಡಿತ ಕಪ್ಪು ಮಹಿಳೆಯರ ಆರೋಗ್ಯನ್ಯಾಯ

ಡಿಲೋರಿಸ್ ಎಸ್. ವಿಲಿಯಮ್ಸ್ ಅವರ ‘ಸಿಸ್ಟರ್ಸ್ ಇನ್ ದ ವಿಲ್ಡರ್‌ನೆಸ್’ ಎಂಬ ಕೃತಿಯು 1993ರಲ್ಲಿ ಪ್ರಕಟವಾಯಿತು. ಆಫ್ರಿಕನ್-ಅಮೆರಿಕನ್ ಮಹಿಳೆಯರ ಅನುಭವವನ್ನೇ ಆಧಾರವಾಗಿಟ್ಟುಕೊಂಡ ವುಮನಿಸ್ಟ್ ದೈವಶಾಸ್ತ್ರಕ್ಕೆ ಅದು ಒಂದು ಅಡಿಗಲ್ಲಾಯಿತು. ಅದೇ ವರ್ಷದ ಜನವರಿ 1ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಏಡ್ಸ್ ರೋಗದ ಅಧಿಕೃತ ವ್ಯಾಖ್ಯೆಯನ್ನು ತಿದ್ದಿ, ಸ್ತ್ರೀಯರ ದೇಹಕ್ಕೆ ಮಾತ್ರ ಬರುವ ಒಂದು ಕಾಯಿಲೆಯನ್ನು ಮೊದಲ ಬಾರಿಗೆ ಅದರಲ್ಲಿ ಸೇರಿಸಿತು. ಈ ಕೃತಿಯನ್ನೂ ಆ ತಿದ್ದುಪಡಿಯನ್ನೂ ಒಟ್ಟಿಗಿಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ. ವಿಲಿಯಮ್ಸ್ ಅವರ ಚಿಂತನೆಯ ಬಲವೂ ಅದು ಅಪೂರ್ಣವಾಗಿ ಬಿಟ್ಟಿರುವ ಒಂದು ಪ್ರಶ್ನೆಯೂ ಅಂಥ ಓದಿನಲ್ಲಿ ಸ್ಪಷ್ಟವಾಗುತ್ತವೆ.

ಕೃತಿಯ ಕೇಂದ್ರದಲ್ಲಿರುವವಳು ಆದಿಕಾಂಡದ ಹಾಗರಳು. ಐಗುಪ್ತದ ದಾಸಿ, ಯಜಮಾನಿಯ ಬಂಜೆತನಕ್ಕೆ ಪರಿಹಾರವಾಗಿ ತನ್ನ ಗರ್ಭವನ್ನು ತೆರಬೇಕಾದವಳು, ಉಪಯೋಗ ತೀರಿದ ಬಳಿಕ ರೊಟ್ಟಿ ಮತ್ತು ನೀರಿನ ತಿತ್ತಿಯೊಡನೆ ಅರಣ್ಯಕ್ಕೆ ಅಟ್ಟಲ್ಪಟ್ಟವಳು. ಕಪ್ಪು ವಿಮೋಚನಾ ದೈವಶಾಸ್ತ್ರವು ವಿಮೋಚನಕಾಂಡದ ಬಿಡುಗಡೆಯನ್ನು ಎತ್ತಿ ಹಿಡಿದಾಗ, ಹಾಗರಳಿಗೆ ಅಂಥ ಬಿಡುಗಡೆ ದೊರೆಯಲಿಲ್ಲವೆಂಬುದನ್ನು ವಿಲಿಯಮ್ಸ್ ನೆನಪಿಸುತ್ತಾರೆ. ಹದಿನಾರನೆಯ ಅಧ್ಯಾಯದಲ್ಲಿ ದೇವದೂತನು ಆಕೆಯನ್ನು ಯಜಮಾನಿಯ ಬಳಿಗೇ ಹಿಂದಿರುಗಿಸುತ್ತಾನೆ. ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ದೇವರು ಆಕೆಯ ಕಣ್ಣು ತೆರೆಯುತ್ತಾನೆ, ಆಕೆ ಬಾವಿಯನ್ನು ಕಾಣುತ್ತಾಳೆ, ಮಗು ಬದುಕುತ್ತದೆ. ಇದನ್ನು ವಿಲಿಯಮ್ಸ್ ‘ಬದುಕುಳಿಯುವಿಕೆ ಮತ್ತು ಬದುಕಿನ ಗುಣಮಟ್ಟ’ದ ಪರಂಪರೆಯೆಂದು ಕರೆದು, ಕಪ್ಪು ಮಹಿಳೆಯರ ಭಕ್ತಿಯ ನಿಜವಾದ ನೆಲೆ ಅದೆಂದು ವಾದಿಸುತ್ತಾರೆ.

ಇದರ ಜೊತೆಗೆ ಅವರು ರೂಪಿಸುವ ಇನ್ನೊಂದು ಪರಿಕಲ್ಪನೆ ‘ಬದಲಿತನ’ದ್ದು, ಅಂದರೆ ಇನ್ನೊಬ್ಬರ ಪಾಲಿನ ಭಾರವನ್ನು ಅವರ ಸ್ಥಾನದಲ್ಲಿ ನಿಂತು ಹೊರುವುದು. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಣ್ಣು ಯಜಮಾನನ ಮಕ್ಕಳಿಗೆ ತಾಯಿಯಾಗಿ, ಹೊಲದಲ್ಲಿ ಗಂಡಾಳಾಗಿ, ಯಜಮಾನನ ಕಾಮಕ್ಕೆ ವಸ್ತುವಾಗಿ ಬಲವಂತದಿಂದ ಬದಲಿಯಾದಳು. ಗುಲಾಮಗಿರಿ ಅಳಿದ ಮೇಲೂ ಬಡತನ ಮತ್ತು ಸಾಮಾಜಿಕ ಒತ್ತಡಗಳು ಅದೇ ಪಾತ್ರವನ್ನು ‘ಸ್ವಇಚ್ಛೆಯ’ ರೂಪದಲ್ಲಿ ಮುಂದುವರಿಸಿದವು. ಈ ಇತಿಹಾಸವುಳ್ಳ ಸ್ತ್ರೀಗೆ, ಪರರಿಗಾಗಿ ದಂಡನೆ ಹೊತ್ತವನಿಂದಲೇ ರಕ್ಷಣೆ ಬರುತ್ತದೆಂದು ಸಭೆಯು ಬೋಧಿಸಿದರೆ, ಅವಳ ಶೋಷಣೆಯೇ ಪವಿತ್ರವಾಗಿಬಿಡುತ್ತದಲ್ಲವೇ ಎಂಬುದು ವಿಲಿಯಮ್ಸ್ ಅವರ ಪ್ರಶ್ನೆ. ಯೇಸುವಿನ ರಕ್ಷಣಾಕಾರ್ಯವನ್ನು ಅವರು ಕಾಣುವುದು ಆತನ ಸೇವೆಯ ದರ್ಶನದಲ್ಲಿ, ಅಂದರೆ ಗುಣಪಡಿಸುವುದರಲ್ಲಿ ಮತ್ತು ಮುರಿದ ಸಂಬಂಧಗಳನ್ನು ಸರಿಪಡಿಸುವುದರಲ್ಲಿ. ಶಿಲುಬೆಯು ಆ ದರ್ಶನವನ್ನು ಕೊಲ್ಲಹೊರಟ ಮಾನವ ಪಾಪದ ಚಿಹ್ನೆ. ಈ ನಿಲುವನ್ನು ಪೂರ್ತಿಯಾಗಿ ಒಪ್ಪದವರೂ ಅದರ ಒಂದು ಫಲವನ್ನು ಅಲ್ಲಗಳೆಯಲಾರರು: ರೋಗಿಯ ಆರೈಕೆಯು ಇಲ್ಲಿ ರಕ್ಷಣೆಗೆ ಅಂಟಿಸಿದ ಅನುಬಂಧವಾಗಿರದೆ ರಕ್ಷಣೆಯ ತಿರುಳೇ ಆಗುತ್ತದೆ.

ಈ ವಾದವನ್ನು ಎಚ್‌ಐವಿಯ ಇತಿಹಾಸದ ಮುಂದಿಡೋಣ. ಅಮೆರಿಕದಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾಗುವ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಪ್ಪು ಮಹಿಳೆಯರು. ದೇಶದ ಸ್ತ್ರೀಯರಲ್ಲಿ ಅವರ ಪಾಲಾದರೋ ಶೇಕಡಾ 13ರ ಆಸುಪಾಸು. ಈ ಅಂತರಕ್ಕೆ ಅವರ ನಡತೆಯಲ್ಲಿ ಕಾರಣ ಹುಡುಕುವುದು ಅಂಕಿಗಳನ್ನು ತಪ್ಪಾಗಿ ಓದಿದಂತೆ. ಬಡತನ, ವಿಮೆಯ ಕೊರತೆ, ಗಂಡಸರನ್ನು ಗುಂಪುಗುಂಪಾಗಿ ಸೆರೆಗಟ್ಟುವ ನ್ಯಾಯವ್ಯವಸ್ಥೆ, ಚಿಕಿತ್ಸೆ ತಲುಪದ ಸಮುದಾಯದಲ್ಲಿ ಸೋಂಕಿನ ಪ್ರಮಾಣವೇ ಹೆಚ್ಚಾಗಿರುವುದು, ಇವೆಲ್ಲವೂ ಕೂಡಿ ಆ ಅಂತರವನ್ನು ನಿರ್ಮಿಸಿವೆ. 1932ರಿಂದ 1972ರ ವರೆಗೆ ಟಸ್ಕೀಗಿಯಲ್ಲಿ ಸಿಫಿಲಿಸ್ ಪೀಡಿತ ಕಪ್ಪು ಪುರುಷರಿಗೆ ಚಿಕಿತ್ಸೆ ನೀಡದೆ ಕೇವಲ ಗಮನಿಸುತ್ತಾ ಕುಳಿತ ಸರಕಾರಿ ಅಧ್ಯಯನದ ನೆನಪು ವೈದ್ಯಕೀಯದ ಮೇಲಣ ಅಪನಂಬಿಕೆಯನ್ನು ಇನ್ನಷ್ಟು ಆಳವಾಗಿಸಿತು.

ಏಡ್ಸ್ ರೋಗದ ಆರಂಭದ ವ್ಯಾಖ್ಯೆಯು ಬಹುಮಟ್ಟಿಗೆ ಪುರುಷರಲ್ಲಿ ಕಂಡ ಲಕ್ಷಣಗಳಿಂದ ಕಟ್ಟಲ್ಪಟ್ಟಿತ್ತು. ಗರ್ಭಕೊರಳಿನ ಕ್ಯಾನ್ಸರ್‌ನಿಂದಲೋ ಮರುಕಳಿಸುವ ನ್ಯುಮೋನಿಯಾದಿಂದಲೋ ಸಾಯುತ್ತಿದ್ದ ಸೋಂಕಿತ ಸ್ತ್ರೀಯು ಲೆಕ್ಕದಲ್ಲಿ ಏಡ್ಸ್ ರೋಗಿಯೇ ಅಲ್ಲ; ಆದ್ದರಿಂದ ಅಂಗವೈಕಲ್ಯದ ಸರಕಾರಿ ನೆರವೂ ಆಕೆಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಸೆರೆಮನೆಯ ಕೈದಿಗಳು 1980ರ ದಶಕದ ಕೊನೆಯಲ್ಲಿ ‘ಏಸ್’ ಎಂಬ ಸಂಘ ಕಟ್ಟಿಕೊಂಡು ರೋಗಿಗಳ ಆರೈಕೆಗೂ ಪರಸ್ಪರ ಶಿಕ್ಷಣಕ್ಕೂ ಮುಂದಾದರು. ಅವರಲ್ಲೊಬ್ಬರು ಕತ್ರೀನಾ ಹ್ಯಾಸ್ಲಿಪ್: ಕಪ್ಪು ಮಹಿಳೆ, ಮುಸ್ಲಿಂ ವಿಶ್ವಾಸಿ, ಸೆರೆಮನೆಯ ಕಾನೂನು ಗ್ರಂಥಾಲಯದಲ್ಲಿ ದುಡಿದವರು. ಬಿಡುಗಡೆಯಾದ ಬಳಿಕ ಅವರು ವ್ಯಾಖ್ಯೆಯ ಬದಲಾವಣೆಗಾಗಿ ನಡೆದ ಹೋರಾಟದ ಮುಂಚೂಣಿಯಲ್ಲಿ ನಿಂತರು. ಹೊಸ ವ್ಯಾಖ್ಯೆ ಜಾರಿಗೆ ಬರುವ ಕೆಲವೇ ವಾರಗಳ ಮುನ್ನ, 1992ರ ಡಿಸೆಂಬರ್‌ನಲ್ಲಿ, ತೀರಿಕೊಂಡರು.

ಸಮಾನತೆ ಮತ್ತು ಸಮನ್ಯಾಯಗಳ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿಯುವುದು ಸಮಾನತೆ. ಆ ಅಳತೆಗೋಲನ್ನು ಯಾರ ದೇಹ ನೋಡಿ ಮಾಡಲಾಯಿತೆಂದು ಕೇಳುವುದು ಸಮನ್ಯಾಯ. ವಿಲಿಯಮ್ಸ್ ಬದುಕುಳಿಯುವಿಕೆಯನ್ನೂ ವಿಮೋಚನೆಯನ್ನೂ ಎರಡು ಪರಂಪರೆಗಳಾಗಿ ಬೇರ್ಪಡಿಸಿದರು. ಹ್ಯಾಸ್ಲಿಪ್ ಮತ್ತು ಸಂಗಾತಿಗಳ ಕೆಲಸದಲ್ಲಿ ಅವು ಬೇರ್ಪಡುವುದಿಲ್ಲ. ಹಾಸಿಗೆ ಹಿಡಿದವಳಿಗೆ ನೀರು ಕೊಟ್ಟ ಕೈಯೇ ಸರಕಾರದ ವ್ಯಾಖ್ಯೆಯನ್ನೂ ತಿದ್ದಿಸಿತು.

ಹಾಗರಳ ಕಥೆಗೆ ಹಿಂದಿರುಗಿದರೆ ಈ ಕೊರತೆಯ ಮೂಲ ಗೋಚರಿಸುತ್ತದೆ. ಹಾಗರಳನ್ನೇ ಅನುಸರಿಸುವ ಓದು ಆಕೆ ಬಾವಿಯನ್ನು ಕಂಡು ಮಗನೊಡನೆ ಅರಣ್ಯದಲ್ಲಿ ನೆಲೆಸುವಲ್ಲಿಗೆ ನಿಲ್ಲುತ್ತದೆ. ಆದರೆ ಅದೇ ಇಪ್ಪತ್ತೊಂದನೆಯ ಅಧ್ಯಾಯದ ಉತ್ತರಾರ್ಧವೂ ಬಾವಿಯ ಕಥೆಯೇ. ಅಬೀಮೆಲೆಕನ ಸೇವಕರು ಕಿತ್ತುಕೊಂಡ ಬಾವಿಯ ಕುರಿತು ಅಬ್ರಹಾಮನು ಆಕ್ಷೇಪವೆತ್ತುತ್ತಾನೆ. ಏಳು ಕುರಿಮರಿಗಳನ್ನು ಸಾಕ್ಷಿಯಾಗಿ ಕೊಡುತ್ತಾನೆ. ಆಣೆಯಿಂದ ಒಡಂಬಡಿಕೆ ಸ್ಥಿರವಾಗುತ್ತದೆ. ಆ ಸ್ಥಳಕ್ಕೆ ಬೇರ್ಷೆಬವೆಂದು ಹೆಸರಾಗುತ್ತದೆ. ಹಾಗರಳು ನೀರಿಗಾಗಿ ಅಲೆದದ್ದೂ ಅದೇ ಬೇರ್ಷೆಬದ ಅರಣ್ಯದಲ್ಲಿ. ಅಬ್ರಹಾಮನ ಬಾವಿಗೆ ಒಡಂಬಡಿಕೆಯಿದೆ, ಹಾಗರಳ ಬಾವಿಗೆ ಇಲ್ಲ. ಇಂದು ಕುಡಿದ ನೀರು ನಾಳೆಯೂ ತನ್ನದೆಂದು ಹೇಳುವ ಹಕ್ಕು ಆಕೆಗೆ ದೊರೆತದ್ದನ್ನು ಗ್ರಂಥವು ತಿಳಿಸುವುದಿಲ್ಲ.

ಎಚ್‌ಐವಿಯ ವಿಷಯದಲ್ಲಿ ಬಾವಿ ಕಾಣಿಸಿ ಬಹುಕಾಲವಾಯಿತು. ಸೋಂಕನ್ನು ತಡೆಯುವ ‘ಪ್ರೆಪ್’ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿಯೇ ಅನುಮತಿ ದೊರೆಯಿತು. ಆದರೆ 2019ರಲ್ಲಿ ‘ಡೆಸ್ಕೋವಿ’ ಎಂಬ ಎರಡನೆಯ ಮಾತ್ರೆಗೆ ಅನುಮತಿ ಬಂದಾಗ ಯೋನಿಸಂಭೋಗದಿಂದ ಸೋಂಕಿನ ಅಪಾಯವಿರುವವರನ್ನು ಹೊರಗಿಡಲಾಯಿತು. ಆಧಾರವಾಗಿದ್ದ ಪ್ರಯೋಗವು ಪುರುಷರನ್ನೂ ಟ್ರಾನ್ಸ್‌ಜೆಂಡರ್ ಮಹಿಳೆಯರನ್ನೂ ಒಳಗೊಂಡಿತ್ತೇ ಹೊರತು, ಹೆಣ್ಣಾಗಿ ಹುಟ್ಟಿದವರ ಮೇಲಿನ ಪರಿಣಾಮವನ್ನು ಪರೀಕ್ಷಿಸಿರಲಿಲ್ಲ. ಜಾರ್ಜಿಯಾ, ಅಲಬಾಮಾ, ಮಿಸಿಸಿಪಿಯಂಥ ದಕ್ಷಿಣದ ರಾಜ್ಯಗಳು ಬಡವರ ಸರಕಾರಿ ವಿಮೆಯನ್ನು ಪೂರ್ಣವಾಗಿ ವಿಸ್ತರಿಸಲು ಒಪ್ಪಲಿಲ್ಲ. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2024ರಲ್ಲಿ ಹೊರಬಂದಿತು: ವರ್ಷಕ್ಕೆ ಎರಡು ಬಾರಿ ನೀಡುವ ಲೆನಕಾಪವಿರ್ ಚುಚ್ಚುಮದ್ದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಆ ಔಷಧಿಯ ಬಲವನ್ನು ಲೋಕಕ್ಕೆ ಸಾಬೀತುಪಡಿಸಿದ್ದು ಆಫ್ರಿಕದ ಯುವತಿಯರ ದೇಹ. ಅದರ ಬೆಲೆ ಮತ್ತು ಹಂಚಿಕೆಯನ್ನು ನಿರ್ಧರಿಸುವ ಮೇಜಿನ ಸುತ್ತ ಅವರಿಗೆ ಎಷ್ಟು ಸ್ಥಳವಿದೆಯೆಂಬುದೇ ಬಾವಿಯ ಒಡಂಬಡಿಕೆಯ ಪ್ರಶ್ನೆ.

ಇನ್ನು ಸಭೆಯ ಪಾತ್ರ. ಹಾರ್ಲೆಮ್ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಪರ್ನೆಸಾ ಸೀಲ್ ಎಂಬ ಕಪ್ಪು ವಿಜ್ಞಾನಿ 1989ರಲ್ಲಿ ಏಡ್ಸ್ ಗುಣವಾಗುವಿಕೆಗಾಗಿ ಪ್ರಾರ್ಥನಾ ವಾರವನ್ನು ಆರಂಭಿಸಿದರು. ಯೆರೆಮೀಯನ ಪ್ರಶ್ನೆಯನ್ನು ನೆನಪಿಸುವ ‘ಬಾಮ್ ಇನ್ ಗಿಲಿಯಡ್’ ಸಂಸ್ಥೆ ಅದರಿಂದ ಬೆಳೆಯಿತು. ಅದೇ ವರ್ಷ ಅಟ್ಲಾಂಟದಲ್ಲಿ ಡೇಜಾನ್ ಡಿಕ್ಸನ್ ಡಿಯಾಲೊ ‘ಸಿಸ್ಟರ್‌ಲವ್’ ಅನ್ನು ಸ್ಥಾಪಿಸಿದರು. ಅದರ ಕಾರ್ಯಾಗಾರವು ಸ್ತ್ರೀಯರನ್ನು ಕಚೇರಿಗೆ ಕರೆಯದೆ, ಅವರು ಈಗಾಗಲೇ ಸೇರುವ ಗೆಳತಿಯರ ಕೂಟಕ್ಕೇ ಹೋಗಿ, ಲೈಂಗಿಕತೆಯನ್ನು ನಾಚಿಕೆಯಿಲ್ಲದೆ ಮಾತನಾಡಲು ಕಲಿಸಿತು. ಈ ಎರಡು ಆರಂಭಗಳೂ ಪೀಠದಿಂದ ಬಂದವಲ್ಲ. ದೇಹದ ವಿಷಯದಲ್ಲಿ ಕಪ್ಪು ಸಭೆಯ ದೀರ್ಘ ಮೌನವನ್ನು ಕೆಲ್ಲಿ ಬ್ರೌನ್ ಡಗ್ಲಸ್ 1999ರ ತಮ್ಮ ‘ಸೆಕ್ಷುಯಾಲಿಟಿ ಆ್ಯಂಡ್ ದ ಬ್ಲ್ಯಾಕ್ ಚರ್ಚ್’ ಕೃತಿಯಲ್ಲಿ ಪರಿಶೀಲಿಸಿದ್ದು ಈ ಹಿನ್ನೆಲೆಯಲ್ಲಿಯೇ.

ಇಲ್ಲಿ ವಿಲಿಯಮ್ಸ್ ಅವರ ಪರಿಕಲ್ಪನೆಯನ್ನು ಅವರ ಕೃತಿಯ ಮೇಲೆಯೇ ಪ್ರಯೋಗಿಸಬೇಕಾಗುತ್ತದೆ. ರಕ್ಷಣೆ ಇರುವುದು ಯೇಸುವಿನ ಗುಣಪಡಿಸುವ ಸೇವೆಯಲ್ಲಿ ಎಂದಾದರೆ, ಇಂದು ಆ ಸೇವೆಯನ್ನು ಮಾಡುವವರು ಯಾರು? ‘ಸಮುದಾಯ’ ಎಂಬ ಉತ್ತರ ಸರಕಾರಕ್ಕೂ ಸಭೆಗೂ ಹಿತವಾಗಿರುತ್ತದೆ. ಆದರೆ ಆ ಸಮುದಾಯದ ಮುಖ ನೋಡಿದರೆ, ಸಂಬಳವಿಲ್ಲದೆಯೋ ಅಲ್ಪ ಸಂಬಳಕ್ಕೋ ಮನೆಮನೆಗೆ ಹೋಗುವವಳು, ಔಷಧಿ ನೆನಪಿಸುವವಳು, ಸಾಯುವವರ ಬಳಿ ಕೂರುವವಳು ಮತ್ತೆ ಅದೇ ಕಪ್ಪು ಮಹಿಳೆ, ಅನೇಕ ವೇಳೆ ಸ್ವತಃ ಸೋಂಕಿತೆ. ರಾಷ್ಟ್ರದ ನಿರ್ಲಕ್ಷ್ಯದ ಭಾರವನ್ನು ಆಕೆ ಬದಲಿಯಾಗಿ ಹೊರುತ್ತಾಳೆ. ನಾವು ಅದನ್ನು ಸೇವೆಯೆಂದು ಕೊಂಡಾಡುತ್ತೇವೆ. ಮುಂಬಾಗಿಲಿನಿಂದ ಹೊರಹಾಕಿದ ಬದಲಿತನವು ಹಿಂಬಾಗಿಲಿನಿಂದ ಒಳಬರುವುದು ಹೀಗೆ. ಈ ಅಪಾಯವನ್ನು ಗುರುತಿಸುವ ಉಪಕರಣವನ್ನು ನೀಡಿದ್ದು ವಿಲಿಯಮ್ಸ್ ಅವರ ಹಿರಿಮೆ. ಅದನ್ನು ಸೇವೆಯ ದರ್ಶನದ ಮೇಲೆಯೂ ತಿರುಗಿಸದಿರುವುದು ಕೃತಿಯ ಮಿತಿ.

ಆದ್ದರಿಂದ ಇಂಥ ಪ್ರಯತ್ನಗಳನ್ನು ತೂಗುವಾಗ ದೈವಶಾಸ್ತ್ರವು ಅವುಗಳ ತ್ಯಾಗವನ್ನು ಅಳತೆಯಾಗಿ ಇಟ್ಟುಕೊಳ್ಳಬಾರದು. ಕೇಳಬೇಕಾದ ಪ್ರಶ್ನೆಗಳು ಮೂರು: ಹಣವನ್ನು ಹಂಚುವ ಸಮಿತಿಯಲ್ಲಿ ಈ ಸ್ತ್ರೀಯರಿಗೆ ಮತವಿದೆಯೇ? ಸಂಶೋಧನೆಯ ಪ್ರಶ್ನೆಗಳನ್ನು ರೂಪಿಸುವಾಗ ಅವರು ಇದ್ದರೇ? ಅವರ ದುಡಿಮೆಗೆ ವೇತನವಿದೆಯೇ? ನಮ್ಮ ಸಭೆಗಳಲ್ಲಿ ರೋಗಿಗಳ ಭೇಟಿಯನ್ನು ಸ್ತ್ರೀಸಂಘಗಳಿಗೂ ಆಸ್ಪತ್ರೆಗಳ ಆಡಳಿತವನ್ನು ಪುರುಷರ ಸಮಿತಿಗಳಿಗೂ ಒಪ್ಪಿಸುವ ವಾಡಿಕೆಯಿರುವ ಕಡೆಗಳಲ್ಲೆಲ್ಲ ಈ ಪ್ರಶ್ನೆಗಳಿಗೆ ಅನುವಾದ ಬೇಕಾಗುವುದಿಲ್ಲ. ವಿಲಿಯಮ್ಸ್ ಅವರ ಕೃತಿಯನ್ನು ಬೋಧಿಸುವವರು ಆದಿಕಾಂಡದ ಇಪ್ಪತ್ತೊಂದನೆಯ ಅಧ್ಯಾಯವನ್ನು ಕೊನೆಯ ವಚನದ ವರೆಗೂ ಓದಿಸಬೇಕು. ಹಾಗರಳಿಗೆ ಬಾವಿಯನ್ನು ತೋರಿಸಿದಾತನು ದೇವರು. ಅದು ಆಕೆಯ ಕೈತಪ್ಪದಂತೆ ಒಡಂಬಡಿಕೆ ಬರೆಯುವ ಹೊಣೆ ಆತನ ಜನರದು.