ಒಣ ಟೊಂಗೆಯ ಹಾಳೆ

ಪೀರನವಾಡಿ ದಾಟಿ ಖಾನಾಪುರದ ರಸ್ತೆ ಹಿಡಿದರೆ ಪಶ್ಚಿಮಘಟ್ಟದ ಕಾಡು ದೂರವಿಲ್ಲ. ಇತ್ತ ಬೆಳಗಾವಿಯ ನೆಹರೂನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಪದ್ಧತಿ ಸಂಸ್ಥೆ. ಸಸ್ಯಶಾಸ್ತ್ರಜ್ಞ, ವೈದ್ಯ, ರಸಾಯನಶಾಸ್ತ್ರಜ್ಞ ಒಂದೇ ಮೇಜಿಗೆ ಬರಬೇಕಾದ ಔಷಧಿ ಗಿಡಗಳ ಸಂಶೋಧನೆಯಲ್ಲಿ ನಾನು ತುಂಬ ಮೆಚ್ಚುವ ವಸ್ತು ಹರ್ಬೇರಿಯಂ ಹಾಳೆ. ದೊಡ್ಡ ಮಿಷನ್ನುಗಳ ಫೋಟೊ ಪತ್ರಿಕೆಗೆ ಬರುತ್ತದೆ, ಪಾಪ, ಇದರದು ಬರುವುದಿಲ್ಲ.

ಹೂವೋ ಕಾಯೋ ಇರುವ ಟೊಂಗೆಯನ್ನು ಹಳೇ ಪೇಪರಿನ ನಡುವೆ ಒತ್ತಿ, ತೇವ ಹೀರಿದ ಪೇಪರು ಬದಲಿಸುತ್ತ ಒಣಗಿಸಿ, ದಪ್ಪ ಹಾಳೆಗೆ ಕೂರಿಸುತ್ತಾರೆ. ಒಂದು ಎಲೆಯನ್ನು ಬೇಕೆಂದೇ ಮಗುಚಿರುತ್ತಾರೆ, ಹಿಂಬದಿಯ ನರ ಕಾಣಲೆಂದು. ಮೂಲೆಯ ಚೀಟಿಯಲ್ಲಿ ಗಿಡದ ಹೆಸರು, ಊರು, ತಾರೀಖು, ಕಿತ್ತವರ ಹೆಸರು, ಒಂದು ನಂಬರು. ಒಣಗಿದರೆ ಹೂವಿನ ಬಣ್ಣ ಹೋಗುತ್ತದಲ್ಲ, ಅದನ್ನೂ ಬರೆದಿಡಬೇಕು.

ಈ ಹಾಳೆ ಏಕೆ ಬೇಕು ಎನ್ನುವುದಕ್ಕೆ ಘಟ್ಟದ ದುರ್ವಾಸನೆ ಮರವನ್ನೇ ನೋಡಿ. ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೋಥೆಸಿನ್ ಅದರಲ್ಲಿದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆ ಅಂಶ ಮರದಿಂದ ಮರಕ್ಕೆ, ಜಾಗದಿಂದ ಜಾಗಕ್ಕೆ ಏರುಪೇರು. ಪುಡಿಯಾದ ತೊಗಟೆಯಲ್ಲಿ ಮರದ ಗುರುತು ಹಿಡಿಯುವುದು ಕಷ್ಟ. ರಸಾಯನಶಾಸ್ತ್ರಜ್ಞ ತನ್ನ ವರದಿಯಲ್ಲಿ ಹಾಳೆಯ ನಂಬರು ಬರೆದಿದ್ದರೆ, ಅನುಮಾನ ಬಂದವರು ಕಪಾಟು ತೆಗೆಸಿ ನೋಡಬಹುದು. ಗುರುತು ತಪ್ಪಿದ್ದರೂ ಹಳೇ ಚೀಟಿ ಹರಿಯುವಂತಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತಿದ್ದಿದವರು ತಮ್ಮ ಹೆಸರು, ತಾರೀಖು ಹಾಕುತ್ತಾರೆ.