ಗುಂಡು ಎತ್ತುವುದು ರಟ್ಟೆಯಲ್ಲ

ಕರಜಗಿ ಸೀಮೆಯ ಜಾತ್ರೆಯಲ್ಲಿ ಗುಂಡು ಎತ್ತುವ ಪಂದ್ಯ ಇದೆಯೆಂದರೆ ನಾನು ತಪ್ಪಿಸುವವನಲ್ಲ. ಅಂಗಿ ಕಳಚಿ ಕೈ ಮಡಚಿದ ಪೈಲ್ವಾನನ ರಟ್ಟೆ ಉಬ್ಬಿದ ಕೂಡಲೇ ಜನ ಸಿಳ್ಳೆ ಹೊಡೆಯುತ್ತಾರೆ. ನನ್ನ ಕಣ್ಣು ಮಾತ್ರ ಅವನ ನಡ, ಪಿರ್ರೆ, ತೊಡೆಗಳ ಮೇಲಿರುತ್ತದೆ.

ಹೋದ ಸಲ ಮೊದಲು ಬಂದವನ ತೋಳು ನೋಡುವಂತಿತ್ತು. ಮೊಣಕಾಲು ಮಡಚದೆ ಬಗ್ಗಿದ, ಬೆನ್ನು ಬಿಲ್ಲಾಯಿತು, ಗುಂಡು ಗೇಣೆತ್ತರ ಎದ್ದು ಜಾರಿತು. ಆಮೇಲೆ ಬಂದವನು ತೊಗರಿ ಚೀಲ ಹೊರುವ ಹಮಾಲಿ ಹುಡುಗ, ಒಣಕಲು ಮೈ. ಬದಿಯಲ್ಲಿ ನಿಂತ ಮುದುಕ ವಸ್ತಾದ ಹೇಳಿದ್ದು ಒಂದೇ ಮಾತು: “ಕೈಲಿಂದ ಎತ್ತಬ್ಯಾಡೋ ತಮ್ಮಾ, ತೊಡಿಲಿಂದ ಎತ್ತು.” ಹುಡುಗ ಕುಕ್ಕರುಗಾಲಲ್ಲಿ ಕೂತ. ಗುಂಡನ್ನು ಎದೆಗವಚಿ ಮೊದಲು ತೊಡೆಗೆ ತಂದ. ಉಸಿರು ಕಟ್ಟಿದ. ಎದ್ದೇ ನಿಂತ. ಹೆಗಲಿಗೇರಿದ ಗುಂಡು ಬೆನ್ನ ಹಿಂದೆ ಧೊಪ್ಪೆಂದು ಬಿತ್ತು.

ಮುದುಕನ ಮಾತಿನಲ್ಲಿ ಶರೀರಶಾಸ್ತ್ರವೇ ಇದೆ. ನಮ್ಮ ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪಿರ್ರೆಯದು. ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡುವುದು ಅದು ಮತ್ತು ತೊಡೆಯ ಹಿಂಬದಿಯ ಸ್ನಾಯುಗಳು. ಮಡಚಿದ ಮೊಣಕಾಲನ್ನು ಚಾಚುವುದು ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್, ನಾಲ್ಕು ತಲೆಯ ಸ್ನಾಯು. ಬೆನ್ನೆಲುಬಿನ ಇಕ್ಕೆಲದ ಉದ್ದನೆಯ ಸ್ನಾಯುಗಳು ಬೆನ್ನು ಮುರಿಯದಂತೆ ಬಿಗಿಹಿಡಿಯುತ್ತವೆ. ಉಸಿರು ಕಟ್ಟಿದಾಗ ವಪೆಯೂ ಹೊಟ್ಟೆಯ ಸ್ನಾಯುಗಳೂ ಸೇರಿ ಒಡಲನ್ನು ತುಂಬಿದ ಚೀಲದಂತೆ ಗಟ್ಟಿ ಮಾಡುತ್ತವೆ. ಬೆನ್ನಿಗೆ ಅದೇ ಆಸರೆ. ಜನ ಮೆಚ್ಚುವ ರಟ್ಟೆಯ ಬೈಸೆಪ್ಸಿಗೆ ಇಲ್ಲಿ ತಬ್ಬಿ ಹಿಡಿಯುವಷ್ಟೇ ಕೆಲಸ. ಅದರಿಂದಲೇ ಎತ್ತಲು ಹೋದರೆ ಸ್ನಾಯುವನ್ನು ಎಲುಬಿಗೆ ಕಟ್ಟಿದ ಸ್ನಾಯುರಜ್ಜು ಹರಿಯಬಹುದು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಬೇರೆಯೇ ಇದೆ. ಸ್ನಾಯುವಿಗೆ ನೂಕಲು ಬರುವುದಿಲ್ಲ, ಜಗ್ಗಲು ಮಾತ್ರ ಬರುತ್ತದೆ, ಹಗ್ಗದ ಹಾಗೆ. ಕೆಸರಲ್ಲಿ ಸಿಕ್ಕ ಬಂಡಿಯನ್ನು ನಾವು ನೂಕುತ್ತೇವಲ್ಲ, ಆಗಲೂ ತೋಳಿನ ಹಿಂಬದಿಯ ಟ್ರೈಸೆಪ್ಸ್ ಮೊಣಕೈಯ ಎಲುಬನ್ನು ಜಗ್ಗುವುದರಿಂದಲೇ ಕೈ ಚಾಚಿಕೊಳ್ಳುತ್ತದೆ. ಮಡಚಲು ಬೈಸೆಪ್ಸ್, ಚಾಚಲು ಟ್ರೈಸೆಪ್ಸ್. ಒಂದು ಜಗ್ಗುವಾಗ ಇನ್ನೊಂದು ಸಡಿಲ ಬಿಡಬೇಕು. ಸ್ನಾಯುವಿನೊಳಗೆ ಎರಡು ಬಗೆಯ ಎಳೆಗಳು ಒಂದರ ಪಕ್ಕ ಒಂದು ಸರಿಯುವುದರಿಂದ ಈ ಜಗ್ಗುವಿಕೆ ಆಗುತ್ತದೆಂದು ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು 1954ರಲ್ಲಿ. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದರು, ಅವರು ಬಂಧುಗಳಲ್ಲ.

ರಟ್ಟೆಯೊಂದೇ ಸಾಲದು, ಇಡೀ ಮೈ ಪಳಗಬೇಕು ಎಂಬುದನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಹಿಂದೆಯೂ ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಮಲ್ಲರ ಸಾಧನೆಗಳನ್ನು ಅಲ್ಲಿ ಬಿಡಿಸಿಟ್ಟಿದ್ದಾನೆ. ಮೈಯ ಒಂದು ಭಾಗವನ್ನಷ್ಟೇ ಬೆಳೆಸುವ ತಾಲೀಮು ಅದಲ್ಲ.

ಹೊಸದಾಗಿ ಗರಡಿಗೆ ಇಳಿಯುವ ಹುಡುಗರಿಗೆ ಒಂದು ಮಾತು. ಬೈಠಕ್ ಹೊಡೆದ ಎರಡನೆಯ ದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ. ಏಳುವುದಕ್ಕಿಂತ ಕೆಳಗಿಳಿಯುವಾಗ, ಸ್ನಾಯು ಚಾಚುತ್ತಲೇ ಬಿಗಿಹಿಡಿಯಬೇಕಾದಾಗ, ಅದಕ್ಕೆ ಹೆಚ್ಚು ಪೆಟ್ಟು. ಎರಡು ಮೂರು ದಿನಕ್ಕೆ ನೋವು ಇಳಿಯುತ್ತದೆ. ಸಟ್ಟನೆ ಚುಚ್ಚಿದ ನೋವಾದರೆ ಮಾತ್ರ ಅಂದೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಪಂದ್ಯ ನೋಡಲು ಹೋಗುವವರು ಈ ಸಲ ಪೈಲ್ವಾನನ ಎದುರಿಗೆ ನಿಲ್ಲಬೇಡಿ, ಮಗ್ಗುಲಿಗೆ ನಿಲ್ಲಿ. ಗುಂಡು ನೆಲ ಬಿಡುವ ಆ ಗಳಿಗೆಯಲ್ಲಿ ಅವನ ನಡ ನೋಡಿ.